ಕುತ್ತಿಗೆ ನೋವು ಮತ್ತು ಕುಳಿತುಕೊಳ್ಳುವ ಕ್ರಮ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯವರು ಮಾಡಿದ ಭಾಷಣ)



ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಹಳ್ಳಿಗಳಿಂದ ತಾವೆಲ್ಲರೂ ಮನೆಗೆಲಸವನ್ನೂ ತೋಟದ ಕೆಲಸವನ್ನೂ ಬದಿಗಿರಿಸಿ, ಗಂಡ ಹೆಂಡತಿ ಜೊತೆಯಾಗಿಯೇ ಈ ಸಭೆಗೆ ಬಂದಿರುವಿರಿ. ಇದು ನನಗೆ ಬಹಳ ಸಂತೋಷವನ್ನುಂಟುಮಾಡಿದೆ. ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆ, ಮಕ್ಕಳ ನಡುವಣ ಅಂತರ, ಚುಚ್ಚುಮದ್ದು ಇವುಗಳೇ ನಮ್ಮ ನೆನಪಿಗೆ ಬರುತ್ತವೆ. ಅವು ಮುಖ್ಯವೇ ಸರಿ. ಆದರೆ ಸಂಸಾರದ ನೊಗಕ್ಕೆ ಹೆಗಲು ಕೊಟ್ಟ ಇಬ್ಬರ ಶರೀರವೂ ನೋವಿಲ್ಲದೆ ದುಡಿಯುವಂತಿರುವುದು ಕುಟುಂಬದ ಕಲ್ಯಾಣವಲ್ಲವೇ? ಆದಕಾರಣ ಇಂದು ನಾನು ಕುತ್ತಿಗೆಯ ವಿಚಾರವಾಗಿ, ಅದರಲ್ಲಿಯೂ ಕುಳಿತಲ್ಲಿಯೇ ಮಾಡಬಹುದಾದ ಒಂದು ಸರಳ ವ್ಯಾಯಾಮದ ವಿಚಾರವಾಗಿ, ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ನನ್ನದೇ ಒಂದು ತಪ್ಪಿನಿಂದ ಈ ಮಾತನ್ನು ಪ್ರಾರಂಭಿಸುತ್ತೇನೆ. ನಾನು ಸರಕಾರಿ ಸೇವೆಗೆ ಸೇರಿದ ಹೊಸತರಲ್ಲಿ ಓರ್ವ ತಾಯಿ ಆಸ್ಪತ್ರೆಗೆ ಬಂದಿದ್ದರು. ವಯಸ್ಸು ಮೂವತ್ತು ದಾಟಿತ್ತು, ಇಬ್ಬರು ಮಕ್ಕಳು. ಹಗಲಿನಲ್ಲಿ ಬೇರೆಯವರ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ. ರಾತ್ರಿ ಊಟ ಬಡಿಸಿದ ಬಳಿಕ ಬೀಡಿ ಕಟ್ಟುವ ಕೆಲಸ. “ಡಾಕ್ಟ್ರೇ, ಹೆಗಲಿಗೆ ಕಲ್ಲು ಹೇರಿದ ಹಾಗೆ ಆಗುತ್ತದೆ, ಕುತ್ತಿಗೆ ಎತ್ತಲಿಕ್ಕೆ ಆಗುವುದಿಲ್ಲ” ಎಂದರು. ನಾನು ಐದು ದಿನಗಳ ಮಾತ್ರೆ ಬರೆದು, “ನೆಟ್ಟಗೆ ಕುಳಿತು ಕೆಲಸ ಮಾಡಿ ಅಮ್ಮ” ಎಂದು ಹೇಳಿ ಕಳುಹಿಸಿದೆ. ಎರಡು ತಿಂಗಳಲ್ಲಿ ಅವರು ಮೂರು ಸಲ ಬಂದರು. ಮೂರು ಸಲವೂ ಅದೇ ಮಾತ್ರೆ, ಅದೇ ಮಾತು.

ನಾಲ್ಕನೆಯ ಸಲ ಅವರ ಪತಿಯೂ ಜೊತೆಯಲ್ಲಿ ಬಂದಿದ್ದರು. “ನಿನ್ನೆ ಮಗುವನ್ನು ಎತ್ತಿಕೊಳ್ಳಲಿಕ್ಕೆ ಹೋಗಿ ನೋವಿನಿಂದ ಕೂತುಬಿಟ್ಟಳು ಡಾಕ್ಟ್ರೇ. ನೀವು ಕೊಟ್ಟದ್ದು ಮುಗಿದ ಮೇಲೆ ಅಂಗಡಿಯಿಂದ ಮಾತ್ರೆ ತಂದು ದಿನಾ ನುಂಗುತ್ತಾಳೆ. ಈಗ ಹೊಟ್ಟೆ ಉರಿ ಬೇರೆ. ಇವಳು ಕೆಲಸ ಬಿಟ್ಟರೆ ಸಂಘದ ಸಾಲದ ಕಂತು ಕಟ್ಟುವುದು ಹೇಗೆ?” ಎಂದು ತಗ್ಗಿದ ಸ್ವರದಲ್ಲಿ ಕೇಳಿದರು. ಅಂದು ನಾನು ಆ ತಾಯಿಯನ್ನು, ಮನೆಯಲ್ಲಿ ಬೀಡಿ ಕಟ್ಟುವಾಗ ಹೇಗೆ ಕುಳಿತುಕೊಳ್ಳುವರೋ ಹಾಗೆಯೇ ನೆಲದ ಮೇಲೆ ಕುಳಿತು ತೋರಿಸುವಂತೆ ಕೇಳಿಕೊಂಡೆ. ಅಲ್ಲಿಯವರೆಗೆ ನಾನು ಅವರ ಚೀಟಿಯನ್ನು ನೋಡಿದ್ದೆನೇ ಹೊರತು ಅವರು ಕುಳಿತುಕೊಳ್ಳುವ ರೀತಿಯನ್ನು ನೋಡಿರಲಿಲ್ಲ. ರೋಗದ ಮೂಲ ಅಲ್ಲಿತ್ತು.

ನಮ್ಮ ಈ ಸೀಮೆಯ ಕೆಲಸಗಳನ್ನು ಗಮನಿಸಿರಿ. ಬಿಸಿಲಿನಲ್ಲಿ ಒಣಗಿದ ಅಡಿಕೆಯನ್ನು ಸುಲಿಯುವವರು ಹಲಗೆಗೆ ನಾಟಿದ ಕತ್ತಿಯ ಮುಂದೆ ಗಂಟೆಗಟ್ಟಲೆ ತಲೆ ಬಗ್ಗಿಸಿ ಕುಳಿತಿರುತ್ತಾರೆ. ಸುಲಿಯುವ ಯಂತ್ರಗಳು ಬಂದಿದ್ದರೂ ಕೈಯಿಂದ ಸುಲಿಯುವ ಕೆಲಸ ನಿಂತಿಲ್ಲ. ಸುಲಿದ ಅಡಿಕೆಯನ್ನು ಆರಿಸುವ ಕೆಲಸವಂತೂ ಇದ್ದೇ ಇದೆ. ಬೀಡಿ ಕಟ್ಟುವವರು ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು, ಎಲೆ, ಹೊಗೆಸೊಪ್ಪು, ನೂಲು ಇವುಗಳ ಮೇಲೆಯೇ ದೃಷ್ಟಿಯಿಟ್ಟಿರುತ್ತಾರೆ. ಹಾಲೂಡಿಸುವ ತಾಯಿ ಮಗುವಿನ ಮುಖವನ್ನೇ ನೋಡುತ್ತ ಬಾಗಿರುತ್ತಾಳೆ. ಗಂಡಸರ ಕುತ್ತಿಗೆಗೆ ಇನ್ನೊಂದು ಬಗೆಯ ಕಷ್ಟ. ಅಡಿಕೆ ಮರಕ್ಕೆ ಬೋರ್ಡೋ ಮದ್ದು ಬಿಡುವಾಗಲೂ, ದೋಟಿಯಿಂದ ಗೊನೆ ಕೊಯ್ಯುವಾಗಲೂ ತಲೆ ಹಿಂದಕ್ಕೆ ಮಡಚಿ ಮೇಲೆ ನೋಡುತ್ತಲೇ ಇರಬೇಕಾಗುತ್ತದೆ. ಸಂಜೆಯಾದ ಮೇಲೆ ಗಂಡಸರು ಹೆಂಗಸರೆನ್ನದೆ ಎಲ್ಲರ ಕೈಯಲ್ಲಿಯೂ ಮೊಬೈಲು. ಹಗಲು ಬಾಗಿದ ಕುತ್ತಿಗೆ ರಾತ್ರಿಯೂ ಬಾಗಿಯೇ ಇರುತ್ತದೆ.

ಬಾಗಿದರೆ ನೋವೇಕೆ ಬರಬೇಕು? ವಯಸ್ಕರ ತಲೆಯ ತೂಕ ಸುಮಾರು 4ರಿಂದ 5 ಕಿಲೋ. ಈ ಭಾರವನ್ನು ಏಳು ಸಣ್ಣ ಎಲುಬಿನ ಮಣಿಗಳು ಒಂದರ ಮೇಲೊಂದು ಕುಳಿತು ಹೊರುತ್ತವೆ. ದೋಟಿ ಹಿಡಿದು ಅನುಭವವಿರುವ ಅಣ್ಣಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದೋಟಿಯನ್ನು ನೆಟ್ಟಗೆ ನಿಲ್ಲಿಸಿದಾಗ ಅದು ಕೈಗೆ ಭಾರವೆನಿಸುವುದಿಲ್ಲ. ಅದೇ ದೋಟಿ ಸ್ವಲ್ಪ ಓರೆಯಾಯಿತೆಂದರೆ ತೋಳು ನಡುಗುತ್ತದೆ. ದೋಟಿಯ ತೂಕ ಹೆಚ್ಚಿತೇ? ಇಲ್ಲ. ತೂಕ ಅಷ್ಟೇ, ಆದರೆ ಅದು ಬುಡದಿಂದ ದೂರ ಸರಿಯಿತು. ತಲೆಯೂ ಹಾಗೆಯೇ. 2014ರಲ್ಲಿ ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಅವರು ಗಣಕಯಂತ್ರದ ಸಹಾಯದಿಂದ ಮಾಡಿದ ಲೆಕ್ಕಾಚಾರದ ಪ್ರಕಾರ, ತಲೆ 15 ಡಿಗ್ರಿ ಮುಂದಕ್ಕೆ ಬಾಗಿದರೆ ಕುತ್ತಿಗೆಯ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತದೆ; 60 ಡಿಗ್ರಿ ಬಾಗಿದರೆ ಸುಮಾರು 27 ಕಿಲೋ. ಇದು ಲೆಕ್ಕಾಚಾರವೇ ಹೊರತು ಜೀವಂತ ಮನುಷ್ಯನಲ್ಲಿ ಅಳೆದುದಲ್ಲ; ಆದರೂ ಭಾರ ಯಾವ ರೀತಿಯಲ್ಲಿ ಏರುತ್ತದೆಂಬುದನ್ನು ಇದರಿಂದ ತಿಳಿಯಬಹುದು. ಅರ್ಧ ಮೂಟೆ ಅಕ್ಕಿಯನ್ನು ಕುತ್ತಿಗೆಯ ಹಿಂಬದಿಯ ಸ್ನಾಯುಗಳು ಹಿಡಿದೆಳೆದು ನಿಲ್ಲಿಸಿದಂತೆ! ಬಿಡುವಿಲ್ಲದೆ ಬಿಗಿದೇ ಇರುವ ಸ್ನಾಯುವಿನಲ್ಲಿ ರಕ್ತಸಂಚಾರ ಕುಗ್ಗುತ್ತದೆ, ದಣಿವು ಏರುತ್ತದೆ, ಕೊನೆಗೆ ನೋವು ತಲೆದೋರುತ್ತದೆ.

ಇನ್ನು ಕುತ್ತಿಗೆಯ ಸ್ನಾಯುಗಳ ವಿಚಾರ. ಇವುಗಳಲ್ಲಿ ಎರಡು ಬಗೆಗಳಿವೆಯೆಂದು ತಿಳಿಯತಕ್ಕದ್ದು. ಮೊದಲನೆಯವು ಹೊರಗಿನ ದೊಡ್ಡ ಸ್ನಾಯುಗಳು. ತಲೆಯನ್ನು ಒಂದು ಬದಿಗೆ ತಿರುಗಿಸಿ ಕನ್ನಡಿಯಲ್ಲಿ ನೋಡಿರಿ. ಕಿವಿಯ ಹಿಂದಿನಿಂದ ಹೊರಟು ಎದೆಯೆಲುಬಿನವರೆಗೆ ಓರೆಯಾಗಿ ಇಳಿಯುವ ದಪ್ಪ ಹುರಿಯೊಂದು ಎದ್ದು ಕಾಣುತ್ತದೆ. ಅದು ತಲೆಬುರುಡೆಗೂ ಎದೆಗೂ ಕಟ್ಟಿದ ಹಗ್ಗ. ನಡುವಣ ಏಳು ಮಣಿಗಳಲ್ಲಿ ಒಂದಕ್ಕೂ ಅದು ಅಂಟಿಕೊಂಡಿಲ್ಲ. ಎರಡನೆಯವು ಒಳಗಿನ ಸಣ್ಣ ಸ್ನಾಯುಗಳು. ಗಂಟಲಿನ ಹಿಂಬದಿಯಲ್ಲಿ, ಮಣಿಗಳ ಮುಂಭಾಗಕ್ಕೆ ಒತ್ತಿಕೊಂಡು ಇವು ಇರುತ್ತವೆ. ಲಾಂಗಸ್ ಕೊಲೈ, ಲಾಂಗಸ್ ಕ್ಯಾಪಿಟಿಸ್ ಎಂದು ವೈದ್ಯರು ಇವನ್ನು ಕರೆಯುತ್ತಾರೆ. ಹೆಸರು ನೆನಪಿಡಬೇಕಾಗಿಲ್ಲ, ಕೆಲಸವನ್ನು ನೆನಪಿಟ್ಟರೆ ಸಾಕು. ಮಣಿಗಳನ್ನು ಒಂದರ ಮೇಲೊಂದು ಸಾಲು ತಪ್ಪದಂತೆ ಹಿಡಿದಿಡುವುದೇ ಇವುಗಳ ಕೆಲಸ. ಇವು ಬಲಪ್ರದರ್ಶನ ಮಾಡುವ ಸ್ನಾಯುಗಳಲ್ಲ. ದಿನವಿಡೀ ಸಣ್ಣ ಬಲದಿಂದ ಕಾವಲು ಕಾಯುವ ಸ್ನಾಯುಗಳು.

ಕುತ್ತಿಗೆ ನೋವಿರುವವರಲ್ಲಿ ಈ ಕಾವಲುಗಾರರು ಮಂಕಾಗುತ್ತಾರೆ. ಡೆಬೊರಾ ಫಲ್ಲಾ, ಗ್ವೆಂಡೊಲೆನ್ ಜಲ್ ಮತ್ತು ಪಾಲ್ ಹಾಜಸ್ ಎಂಬ ವಿಜ್ಞಾನಿಗಳು 2004ರಲ್ಲಿ ಇದನ್ನು ಅಳೆದು ತೋರಿಸಿದರು. ಒಳಸ್ನಾಯುಗಳು ಗಂಟಲಿನ ಹಿಂದೆ ಅಡಗಿರುವುದರಿಂದ ಚರ್ಮದ ಮೇಲಿಟ್ಟ ಉಪಕರಣಕ್ಕೆ ಅವುಗಳ ಸುಳಿವು ಸಿಗುವುದಿಲ್ಲ. ಆದಕಾರಣ ಅವರು ತೆಳ್ಳನೆಯ ನಳಿಕೆಯೊಂದನ್ನು ಮೂಗಿನ ಮೂಲಕ ಇಳಿಸಿ, ಗಂಟಲಿನ ಹಿಂಗೋಡೆಗೆ ತಾಗಿಸಿ, ಸ್ನಾಯು ದುಡಿಯುವಾಗ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ದಾಖಲಿಸಿದರು. ನೋವಿಲ್ಲದವರಿಗಿಂತ ನೋವಿದ್ದವರಲ್ಲಿ ಒಳಸ್ನಾಯುಗಳ ಚಟುವಟಿಕೆ ಕಡಿಮೆಯಿದ್ದುದು ಕಂಡುಬಂದಿತು. ಒಳಗಿನವರು ಮಲಗಿದರೆ ಹೊರಗಿನವರು ಇಮ್ಮಡಿ ದುಡಿಯಬೇಕಲ್ಲವೇ? ಹೊರಗಿನ ಹುರಿ ಬಿಗಿದು ಎಳೆದಂತೆಲ್ಲ ತಲೆ ಮುಂದಕ್ಕೆ ಚಾಚುತ್ತದೆ. ತಲೆ ಚಾಚಿದಂತೆಲ್ಲ ಭಾರ ಹೆಚ್ಚುತ್ತದೆ. ಭಾರ ಹೆಚ್ಚಿದಂತೆಲ್ಲ ನೋವು ಹೆಚ್ಚುತ್ತದೆ. ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತೇವೆ.

ಹಾಗಾದರೆ “ನೆಟ್ಟಗೆ ಕುಳಿತುಕೊಳ್ಳಿ” ಎಂದು ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಇಲ್ಲಿಯೇ ನಾನು ಪಾಠ ಕಲಿತದ್ದು. ನೆಟ್ಟಗೆ ಕುಳಿತುಕೊಳ್ಳಿ ಎಂದೊಡನೆ ನಾವೆಲ್ಲರೂ ಮಾಡುವುದೇನು? ಎದೆಯನ್ನು ಉಬ್ಬಿಸುತ್ತೇವೆ, ಹೆಗಲನ್ನು ಬಿಗಿಯುತ್ತೇವೆ, ಗಲ್ಲವನ್ನು ಮೇಲೆತ್ತುತ್ತೇವೆ. ಎರಡು ನಿಮಿಷದಲ್ಲಿ ಸುಸ್ತಾಗಿ ಮೊದಲಿನಂತೆಯೇ ಕುಸಿಯುತ್ತೇವೆ. ಏಕೆಂದರೆ ಆಗ ದುಡಿದವು ಈಗಾಗಲೇ ದಣಿದಿದ್ದ ಆ ಹೊರಗಿನ ಸ್ನಾಯುಗಳೇ.

ತಳಪಾಯ ಓರೆಯಾದ ಗೋಡೆಯನ್ನು ಮೇಲಿನಿಂದ ಹಿಡಿದೆಳೆದರೆ ನಿಂತೀತೇ? ಕುತ್ತಿಗೆಯ ತಳಪಾಯ ಸೊಂಟ. ನಾವು ಕುಸಿದು ಕುಳಿತಾಗ ಮೊದಲು ಸೊಂಟದ ಎಲುಬು ಹಿಂದಕ್ಕೆ ಉರುಳುತ್ತದೆ, ಅದರಿಂದ ಬೆನ್ನು ಗೂನಾಗುತ್ತದೆ, ಎದೆ ಕುಸಿಯುತ್ತದೆ, ಕೊನೆಗೆ ತಲೆ ಮುಂದಕ್ಕೆ ಬೀಳುತ್ತದೆ. ಆದುದರಿಂದ ಸರಿಪಡಿಸುವುದೂ ಕೆಳಗಿನಿಂದಲೇ ಆಗಬೇಕು. ಇದೇ ಫಲ್ಲಾ ಮತ್ತು ಜಲ್ ಅವರು ಸಂಗಡಿಗರೊಡನೆ 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಕುತ್ತಿಗೆ ನೋವಿದ್ದವರನ್ನು ಎರಡು ಬಗೆಯಲ್ಲಿ ಕುಳ್ಳಿರಿಸಿ ನೋಡಿದರು. ಒಮ್ಮೆ, ತಾವಾಗಿಯೇ ನೆಟ್ಟಗೆ ಕುಳಿತುಕೊಳ್ಳಿ ಎಂದು ಬರಿಯ ಮಾತಿನಲ್ಲಿ ಹೇಳಿದರು. ಇನ್ನೊಮ್ಮೆ, ಚಿಕಿತ್ಸಕರು ಕೈಯಿಂದ ಮುಟ್ಟಿ, ಸೊಂಟವನ್ನು ನಡುಸ್ಥಿತಿಗೆ ತಂದು ಕುಳ್ಳಿರಿಸಿದರು. ಎರಡನೆಯ ಬಗೆಯಲ್ಲಿ ಕುಳಿತಾಗ ಸೊಂಟದ ಆಳದ ಸ್ನಾಯುಗಳೂ ಕುತ್ತಿಗೆಯ ಒಳಸ್ನಾಯುಗಳೂ ಹೆಚ್ಚು ಚುರುಕಾಗಿ ದುಡಿದವು. ಅಧ್ಯಯನ ಸಣ್ಣದೇ, ಆದರೆ ಅದರ ಪಾಠ ನಮಗೆ ಬಹಳ ಉಪಯುಕ್ತ. ಬರಿಯ ಮಾತಿಗಿಂತ ಬೆನ್ನಿಗಿಟ್ಟ ಒಂದು ಕೈ ಹೆಚ್ಚಿನ ಕೆಲಸ ಮಾಡುತ್ತದೆ. ಪ್ರತಿಯೊಂದು ಹಳ್ಳಿಗೂ ಚಿಕಿತ್ಸಕರು ಬರಲಾರರು. ಆದರೆ ಪ್ರತಿಯೊಂದು ಮನೆಯಲ್ಲಿಯೂ ಇನ್ನೊಂದು ಕೈ ಇದೆ. ನಿಮ್ಮನ್ನು ಜೋಡಿಯಾಗಿ ಕರೆಸಿದ್ದು ಇದಕ್ಕಾಗಿಯೇ.

ಈಗ ವ್ಯಾಯಾಮದ ಕ್ರಮವನ್ನು ಹೇಳುತ್ತೇನೆ. ದಯವಿಟ್ಟು ಕುಳಿತಲ್ಲಿಯೇ ನನ್ನೊಡನೆ ಮಾಡಿ ನೋಡಿರಿ. ಒಬ್ಬರು ವ್ಯಾಯಾಮ ಮಾಡಲಿ. ಇನ್ನೊಬ್ಬರು ಬದಿಯಲ್ಲಿ ನಿಂತು ಸಹಾಯ ಮಾಡಲಿ. ಬಳಿಕ ಸ್ಥಾನ ಬದಲಾಯಿಸಿಕೊಳ್ಳಿರಿ.

ಒಂದನೆಯದು, ಸೊಂಟ. ಕುರ್ಚಿಯ ಮೇಲಾಗಲಿ ಜಗಲಿಯ ಅಂಚಿನಲ್ಲಾಗಲಿ ಪಾದಗಳು ನೆಲಕ್ಕೆ ಪೂರ್ತಿ ತಾಗುವಂತೆ ಕುಳಿತುಕೊಳ್ಳಿರಿ. ಕುಳಿತಿರುವ ಭಾಗದ ಅಡಿಗೆ ಎರಡೂ ಕೈಗಳನ್ನಿಟ್ಟರೆ ಎರಡು ಗಟ್ಟಿ ಎಲುಬುಗಳು ತಾಗುತ್ತವೆ. ಅವುಗಳ ಮೇಲೆ ಸೊಂಟವನ್ನು ಮೆಲ್ಲನೆ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಉರುಳಿಸಿರಿ. ಹಿಂದೆ ಉರುಳಿದಾಗ ಬೆನ್ನು ಗೂನಾಗುತ್ತದೆ. ಮುಂದೆ ಉರುಳಿದಾಗ ಸೊಂಟದ ಹಿಂದೆ ಹಳ್ಳ ಬೀಳುತ್ತದೆ. ಎರಡರ ನಡುವೆ, ಭಾರವು ಆ ಎಲುಬುಗಳ ಮೇಲೆ ನೇರವಾಗಿ ಬೀಳುವಲ್ಲಿ ನಿಲ್ಲಿಸಿರಿ. ಸಹಾಯಕರು ಅಂಗೈಯನ್ನು ಸೊಂಟದ ಹಿಂಬದಿಯಲ್ಲಿ, ಸೀರೆಯ ನೆರಿಗೆ ಸಿಕ್ಕಿಸುವ ಮಟ್ಟದಲ್ಲಿ, ಹಗುರವಾಗಿ ಇಟ್ಟು ದಾರಿ ತೋರಿಸಬೇಕು. ತಳ್ಳಬಾರದು. ಸ್ಪರ್ಶ ಮಾತ್ರ ಸಾಕು.

ಎರಡನೆಯದು, ಎದೆ ಮತ್ತು ಹೆಗಲು. ಸೊಂಟ ಸರಿಯಾದೊಡನೆ ಎದೆ ತಾನಾಗಿಯೇ ಸ್ವಲ್ಪ ಏಳುತ್ತದೆ. ಅದನ್ನು ಇನ್ನೂ ಉಬ್ಬಿಸಬೇಡಿರಿ. ಹೆಗಲೆಲುಬುಗಳು ಬೆನ್ನಿಗೆ ಹಗುರವಾಗಿ ಒರಗಲಿ. ಉಸಿರು ಸಹಜವಾಗಿ ಆಡುತ್ತಿರಲಿ. ಉಸಿರು ಬಿಗಿಹಿಡಿದರೆ ಅದು ಅತಿಯಾಯಿತೆಂದೇ ಅರ್ಥ.

ಮೂರನೆಯದು, ತಲೆ. ದೃಷ್ಟಿ ಎದುರಿಗೆ ನೇರವಾಗಿರಲಿ. ತಲೆಬುರುಡೆಯ ಹಿಂಭಾಗವು ಕುತ್ತಿಗೆಯ ಮೇಲಿನಿಂದ ಕೂದಲೆಳೆಯಷ್ಟು ಮೇಲೇಳುತ್ತಿದೆಯೆಂದು ಮನಸ್ಸಿನಲ್ಲಿ ಭಾವಿಸಿರಿ. ಹಿರಿಯರು ಏನಾದರೂ ಕೇಳಿದಾಗ ಬಾಯಿ ಬಿಡದೆ ಹೌದೆಂದು ಸೂಚಿಸುವಂತೆ, ಗಲ್ಲ ಒಂದಿಷ್ಟೇ ಒಳಕ್ಕೆ ಬಾಗಲಿ. ಕುತ್ತಿಗೆಯ ಹಿಂಭಾಗ ಉದ್ದವಾದಂತೆ ಅನಿಸಬೇಕು. ಹಲ್ಲು ಕಚ್ಚಬಾರದು. ಇದೇ ಸ್ಥಿತಿಯಲ್ಲಿ ಮನಸ್ಸಿನಲ್ಲಿಯೇ ಹತ್ತು ಎಣಿಸಿ ಸಡಿಲಬಿಡಿರಿ. ಹೀಗೆ ಹತ್ತು ಸಲ ಮಾಡತಕ್ಕದ್ದು.

ನಾಲ್ಕನೆಯದು, ಪರೀಕ್ಷೆ. ಮೊದಲು ಹೇಳಿದ ಆ ಹೊರಗಿನ ಹುರಿಯ ಮೇಲೆ ಸಹಾಯಕರು ಎರಡು ಬೆರಳುಗಳನ್ನು ಹೂ ಮುಟ್ಟಿದಂತೆ ಇಡಲಿ. ಬೆರಳನ್ನು ಒತ್ತಬಾರದು, ಕೊರಳಿನ ಎರಡೂ ಬದಿಗಳನ್ನು ಒಟ್ಟಿಗೇ ಹಿಡಿಯಲೂ ಬಾರದು. ಆ ಹುರಿ ಮೆತ್ತಗಿದ್ದರೆ ವ್ಯಾಯಾಮ ಸರಿಯಾಗಿದೆ, ಒಳಸ್ನಾಯುಗಳು ದುಡಿಯುತ್ತಿವೆ. ಅದು ಹಗ್ಗದಂತೆ ಗಟ್ಟಿಯಾಯಿತೆಂದರೆ ಬಲ ಹೆಚ್ಚಾಯಿತು, ಅರ್ಧಕ್ಕೆ ಇಳಿಸಬೇಕು. ಈ ವ್ಯಾಯಾಮದಲ್ಲಿ ಹೆಚ್ಚು ಬಲ ಹಾಕುವವನು ಸೋಲುತ್ತಾನೆ, ಕಡಿಮೆ ಬಲ ಹಾಕುವವನು ಗೆಲ್ಲುತ್ತಾನೆ. ತೋಟದ ಕೆಲಸದಲ್ಲಿ ಬಲಕ್ಕೆ ಒಗ್ಗಿಹೋದ ನಮ್ಮ ಅಣ್ಣಂದಿರಿಗೆ ಇದೇ ಹೆಚ್ಚು ಕಷ್ಟವಾಗುವ ಪಾಠ!

ಇದನ್ನು ದಿನಕ್ಕೊಮ್ಮೆ ಮಾಡಿ ಮರೆತರೆ ಪ್ರಯೋಜನ ಸ್ವಲ್ಪವೇ. ಕೆಲಸದ ನಡುನಡುವೆ ಒಂದೊಂದು ಸಲ ಮಾಡುವುದೇ ಉತ್ತಮ. ಕುತ್ತಿಗೆ ನೋವು ಅಲ್ಪವಾಗಿದ್ದ ಮಹಿಳೆಯರು ಹತ್ತು ಸೆಕೆಂಡುಗಳ ಈ ಅಭ್ಯಾಸವನ್ನು ಹದಿನೈದು ಇಪ್ಪತ್ತು ನಿಮಿಷಗಳಿಗೊಮ್ಮೆಯಂತೆ ಎರಡು ವಾರ ಮಾಡಿದಾಗ, ಅವರ ಹೊರಸ್ನಾಯುಗಳ ಅನಾವಶ್ಯಕ ಬಿಗಿತ ಇಳಿದುದನ್ನು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಗಡಿಯಾರ ನೋಡುತ್ತ ಕೂರಲು ನಮಗೆಲ್ಲಿ ಪುರುಸೊತ್ತು ಎಂದು ನೀವು ಕೇಳಬಹುದು. ಗಡಿಯಾರ ಬೇಡ. ಬೀಡಿ ಕಟ್ಟುವವರು ಒಂದೊಂದು ಕಟ್ಟು ಮುಗಿದಾಗಲೊಮ್ಮೆ ಮಾಡಲಿ. ಅಡಿಕೆ ಸುಲಿಯುವವರು ಸಣ್ಣ ಬುಟ್ಟಿ ತುಂಬಿದಾಗಲೊಮ್ಮೆ ಮಾಡಲಿ. ಹತ್ತು ಎಣಿಸುವಷ್ಟು ಹೊತ್ತು ಕೈ ನಿಂತರೆ ಕೂಲಿಯೇನೂ ಕಡಿಮೆಯಾಗದು. ನೋವಿನಿಂದ ಒಂದು ದಿನ ಮಲಗಿದರೆ ಇಡೀ ದಿನದ ಕೂಲಿ ಹೋಗುತ್ತದೆ.

ವ್ಯಾಯಾಮದ ಜೊತೆಗೆ ಕೆಲಸದ ಸ್ಥಳವನ್ನೂ ತಿದ್ದಿಕೊಳ್ಳುವುದು ಅವಶ್ಯ. ನೆಲದ ಮೇಲೆ ಕುಳಿತು ದುಡಿಯುವವರು ಗೋಣಿಚೀಲವನ್ನು ಮಡಚಿ, ನಾಲ್ಕು ಬೆರಳು ಎತ್ತರ ಮಾಡಿ, ಅದರ ಅಂಚಿನಲ್ಲಿ ಕುಳಿತುಕೊಳ್ಳಲಿ. ಮೊಣಕಾಲಿಗಿಂತ ಸೊಂಟ ಸ್ವಲ್ಪ ಎತ್ತರದಲ್ಲಿದ್ದರೆ ಅದು ಹಿಂದಕ್ಕೆ ಉರುಳುವುದಿಲ್ಲ. ಗೆರಸೆಯ ಅಡಿಗೆ ದಿಂಬನ್ನೋ ಸಣ್ಣ ಮಣೆಯನ್ನೋ ಇಟ್ಟು ಎತ್ತರಿಸಿದರೆ ತಲೆ ಅಷ್ಟು ಬಾಗಬೇಕಾಗುವುದಿಲ್ಲ. ಸುಲಿಯುವ ಕತ್ತಿಯ ಹಲಗೆಯನ್ನು ಅಲುಗಾಡದ ದಿಮ್ಮಿಯ ಮೇಲೆ ಬಿಗಿದು, ಕುಳಿತುಕೊಳ್ಳುವ ಮಣೆಯನ್ನೂ ಅದಕ್ಕೆ ತಕ್ಕಂತೆ ಎತ್ತರಿಸಬಹುದು. ಹಾಲೂಡಿಸುವ ತಾಯಿ ಬೆನ್ನಿಗೆ ಗೋಡೆಯ ಆಧಾರ ಪಡೆದು, ಮಡಿಲಲ್ಲಿ ದಿಂಬಿಟ್ಟು, ಮಗುವನ್ನೇ ಎದೆಯ ಮಟ್ಟಕ್ಕೆ ತರಬೇಕು. ಎದೆಯನ್ನು ಮಗುವಿನ ಕಡೆಗೆ ಬಗ್ಗಿಸಬಾರದು. ಮಗು ಸರಿಯಾಗಿ ಬಾಯಿ ಹಚ್ಚಿದ ಬಳಿಕ ತಲೆಯನ್ನು ಗೋಡೆಗೆ ಒರಗಿಸಬಹುದು. ಮದ್ದು ಬಿಡುವವರು ಮರದ ಬುಡಕ್ಕೆ ತೀರ ಹತ್ತಿರ ನಿಲ್ಲದೆ ಸಾಧ್ಯವಿದ್ದಷ್ಟು ಹಿಂದೆ ಸರಿದು ನಿಂತರೆ ತಲೆಯನ್ನು ಅಷ್ಟಾಗಿ ಹಿಂದಕ್ಕೆ ಮಡಚಬೇಕಾಗುವುದಿಲ್ಲ. ಇಬ್ಬರಿದ್ದರೆ ಸರದಿಯ ಮೇಲೆ ದೋಟಿ ಹಿಡಿಯಿರಿ.

ಇಲ್ಲಿ ಕೆಲವು ತಪ್ಪು ಕಲ್ಪನೆಗಳನ್ನು ದೂರಮಾಡುವುದು ನನ್ನ ಕರ್ತವ್ಯ. “ಆಪರೇಷನ್ ಆದ ಮೇಲೆ ಈ ಕುತ್ತಿಗೆ, ಸೊಂಟ ಎಲ್ಲ ಹಿಡಿದುಕೊಂಡಿತು” ಎಂದು ಅನೇಕ ಅಕ್ಕಂದಿರು ಹೇಳುವುದುಂಟು. ಸಂತಾನಹರಣ ಶಸ್ತ್ರಕ್ರಿಯೆಯಲ್ಲಿ ಹೆಂಗಸರಿಗೆ ಗರ್ಭಕೋಶದ ಇಬ್ಬದಿಯ ನಾಳಗಳನ್ನು ಮುಚ್ಚಲಾಗುತ್ತದೆ; ಗಂಡಸರಿಗೆ ವೀರ್ಯನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಕುತ್ತಿಗೆಯ ಸ್ನಾಯುವಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವ ಕಾಲವೇ ಎಂಥದು ಎಂಬುದನ್ನು ಯೋಚಿಸಿರಿ. ಕೈಯಲ್ಲೊಂದು ಕೂಸು, ಸೊಂಟದಲ್ಲೊಂದು ಮಗು, ನಿದ್ದೆಗೆಟ್ಟ ರಾತ್ರಿ, ಕಡಿಮೆಯಾಗದ ಕೆಲಸ. ನೋವು ನಿಜವೇ, ಆದರೆ ಅದರ ಕಾರಣ ಬೇರೆ. ಆಕೆಯ ನೋವನ್ನು ಸುಳ್ಳೆನ್ನಬೇಡಿರಿ, ಶಸ್ತ್ರಕ್ರಿಯೆಯನ್ನೂ ದೂರಬೇಡಿರಿ.

ಕ್ಷೌರದಂಗಡಿಯಲ್ಲಿ ತಲೆ ಹಿಡಿದು ತಟಕ್ಕನೆ ತಿರುಗಿಸಿ ಲಟಕೆ ತೆಗೆಸಿಕೊಳ್ಳುವ ಅಭ್ಯಾಸ ಹಲವರಿಗಿದೆ. ಕುತ್ತಿಗೆಯ ಮಣಿಗಳ ರಂಧ್ರಗಳೊಳಗಿನಿಂದಲೇ ಮಿದುಳಿಗೆ ಹೋಗುವ ರಕ್ತನಾಳಗಳು ಸಾಗುತ್ತವೆ. ಹಠಾತ್ತಾಗಿ ತಿರುಚಿದಾಗ ಅವು ಸೀಳಿ ಪಾರ್ಶ್ವವಾಯು ಉಂಟಾಗಬಹುದು. ಇದು ವಿರಳವಾದರೂ ಆದವರಿಗೆ ಜೀವನಪರ್ಯಂತ ಸಂಕಟ. ಹಾಗೆಯೇ ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದರಿಂದ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಇಂಥ ಮಾತ್ರೆಗಳನ್ನು ಮುಟ್ಟಲೇಬಾರದು. ಕುತ್ತಿಗೆ ಪಟ್ಟಿಯನ್ನೂ ಸ್ವಂತ ಬುದ್ಧಿಯಿಂದ ಕಟ್ಟಿಕೊಳ್ಳಬೇಡಿರಿ. ತಿಂಗಳುಗಟ್ಟಲೆ ಪಟ್ಟಿಯ ಆಸರೆಯಲ್ಲಿದ್ದರೆ ಸ್ನಾಯುಗಳು ಇನ್ನಷ್ಟು ಸೋಮಾರಿಯಾಗುತ್ತವೆ.

ಎಲ್ಲ ಕುತ್ತಿಗೆ ನೋವಿಗೂ ವ್ಯಾಯಾಮವೇ ಮದ್ದೆಂದು ತಿಳಿಯಬಾರದು. ಈ ಕೆಳಗಿನ ಲಕ್ಷಣಗಳಿದ್ದರೆ ವ್ಯಾಯಾಮ ಮಾಡದೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಮರದಿಂದ ಅಥವಾ ವಾಹನದಿಂದ ಬಿದ್ದ ಬಳಿಕ ಬಂದ ನೋವು. ಇಂಥವರ ಕುತ್ತಿಗೆಯನ್ನು ಅಲುಗಿಸದೆ, ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಜ್ವರ, ತೀವ್ರ ತಲೆನೋವಿನೊಡನೆ ಕುತ್ತಿಗೆ ಸೆಟೆದುಕೊಳ್ಳುವುದು. ಕೈ ಜೋಮು ಹಿಡಿದು, ಬೆರಳುಗಳಲ್ಲಿ ಬಲ ತಗ್ಗಿ, ರವಿಕೆಯ ಗುಂಡಿ ಹಾಕಲೂ ಕಷ್ಟವಾಗುವುದು. ನಡಿಗೆ ತೂರಾಡುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು. ಎದೆನೋವು, ಬೆವರುವಿಕೆಯೊಡನೆ ಕುತ್ತಿಗೆಗೂ ಎಡತೋಳಿಗೂ ಹಬ್ಬುವ ನೋವು. ರಾತ್ರಿ ಮಲಗಿದಾಗಲೂ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು. ಪುತ್ತೂರು ಮತ್ತು ಸುಳ್ಯಗಳಲ್ಲಿ ತಾಲೂಕು ಸರಕಾರಿ ಆಸ್ಪತ್ರೆಗಳಿವೆ. ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ಹೆಚ್ಚಿನ ಚಿಕಿತ್ಸೆಗೆ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯವರಿಗೆ ತಿಳಿಸಿದರೂ ದಾರಿ ತೋರಿಸುವರು. ವ್ಯಾಯಾಮ ಮಾಡುವಾಗ ತಲೆ ಸುತ್ತಿದರೆ ಅಥವಾ ತೋಳಿಗೆ ನೋವು ಇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಮೊದಲು ಹೇಳಿದ ಆ ತಾಯಿಯ ಕಥೆಯನ್ನು ಮುಗಿಸುತ್ತೇನೆ. ಅಂದು ಅವರ ಪತಿಗೆ ಕೈಯನ್ನು ಬೆನ್ನಿಗೆ ಹೇಗಿಡಬೇಕೆಂಬುದನ್ನು ತೋರಿಸಿದೆ. ಎಲ್ಲರೆದುರು ಹೆಂಡತಿಯ ಬೆನ್ನು ಮುಟ್ಟಲು ಅವರು ಸಂಕೋಚಪಟ್ಟರು. ಆ ತಾಯಿಯೂ ಸೆರಗು ಸರಿಪಡಿಸಿಕೊಂಡು ನಕ್ಕರು. ಎರಡು ತಿಂಗಳ ಬಳಿಕ ಅವರಿಬ್ಬರೂ ಮತ್ತೆ ಬಂದಾಗ ನೋವು ಪೂರ್ತಿ ಹೋಗಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಾತ್ರೆ ನಿಂತಿತ್ತು, ಹೊಟ್ಟೆ ಉರಿ ಇಳಿದಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ಆಕೆ ಹೇಳಿದ ಒಂದು ಮಾತು ನನ್ನ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. “ದಿನಾ ರಾತ್ರಿ ಬಂದು ಬೆನ್ನಿಗೆ ಕೈಯಿಟ್ಟು ಹತ್ತು ಎಣಿಸುತ್ತಾರೆ ಡಾಕ್ಟ್ರೇ. ಎಣಿಸುತ್ತ ಎಣಿಸುತ್ತ, ನಾನು ಎಷ್ಟು ಹೊತ್ತು ಹೀಗೆ ಕೂತಿರುತ್ತೇನೆ ಎಂದು ಅವರಿಗೇ ಗೊತ್ತಾಯಿತು. ಈಗ ಬೆಳಿಗ್ಗಿನ ಹುಲ್ಲು ಅವರೇ ತರುತ್ತಾರೆ, ಪಾತ್ರೆಯನ್ನೂ ತೊಳೆದಿಡುತ್ತಾರೆ.”

ಸೋದರರೇ, ಹೆಂಡತಿಯ ಕುತ್ತಿಗೆಗೆ ಬಿಡುವು ಸಿಗಬೇಕಾದರೆ ಮನೆಗೆಲಸದಲ್ಲಿ ಒಂದು ಪಾಲು ನಿಮ್ಮ ಕೈಗೆ ಬರಬೇಕು. ಸೋದರಿಯರೇ, ದಿನವಿಡೀ ಮೇಲೆ ನೋಡಿ ಮದ್ದು ಬಿಟ್ಟು ಬಂದ ಗಂಡನ ಕುತ್ತಿಗೆಯನ್ನೂ ನೀವು ವಿಚಾರಿಸಬೇಕು. ಇಂದು ರಾತ್ರಿ ಊಟವಾದ ಮೇಲೆ, ಮೊಬೈಲನ್ನು ಬದಿಗಿಟ್ಟು, ಜಗಲಿಯ ಮೇಲೆ ಇಬ್ಬರೂ ಕುಳಿತುಕೊಳ್ಳಿರಿ. ಮೊದಲು ಸೊಂಟ, ಬಳಿಕ ಎದೆ, ಕೊನೆಗೆ ತಲೆ. ಹಗುರವಾದ ಕೈ, ಹತ್ತರ ಎಣಿಕೆ. ಇಷ್ಟನ್ನು ನೆನಪಿಟ್ಟುಕೊಂಡರೆ ನನ್ನ ಮಾತು ಸಾರ್ಥಕ.